ಬಾರೋನ್ ಯಾರ ಹಿಂದೆಯೂ ಓಡದ ದಿನ

ಮೊದಲು ನಕ್ಕುಬಿಡಿ. ಅರವತ್ತು ದಾಟಿದ ಗಂಡಸೊಬ್ಬ, ಅದೂ ಸೊಂಟ ಮುರಿದುಕೊಂಡವನು, ಮೊಲದ ಎದೆಗೆ ಪಟ್ಟಿ ಕಟ್ಟಿ, ಪಟ್ಟಿಗೆ ಹಗ್ಗ ಹಾಕಿ, ಅದರ ಹಿಂದೆ ಕುಂಟುತ್ತಾ ಓಡುತ್ತಾನೆ. ಮೊಲ ಸಾಲಾಗಿ ನಿಲ್ಲಿಸಿದ ಪುಟ್ಟ ಬೇಲಿಗಳನ್ನು ಹಾರುತ್ತದೆ. ಅದನ್ನು ನೋಡಲು ಒಬ್ಬ ತೀರ್ಪುಗಾರ್ತಿ, ಗೆದ್ದರೆ ಒಂದು ಬಿರುದು. ನಕ್ಕಾಯಿತೇ? ಇನ್ನು ಕೂತು ಕೇಳಿ. ಆ ಗಂಡಸು ನನ್ನ ತಮ್ಮ ಹೆಲ್ಗೆ. ಅವನನ್ನು ನೋಡಿ ನಾನು ನಗಬಹುದು, ಚಿಕ್ಕಂದಿನಿಂದ ನಗುತ್ತಲೇ ಇದ್ದೇನೆ. ಬೇರೆಯವರು ಒಂದು ಸಲಕ್ಕಿಂತ ಹೆಚ್ಚು ನಕ್ಕರೆ ನನಗೆ ಮೈ ಉರಿಯುತ್ತದೆ.

ನಮ್ಮ ಸ್ಮೋಲಾಂಡ್ ಸೀಮೆಯ ಕಡೆ ಕುದುರೆ ಸಾಕಲಾಗದವರು ಮೊಲ ಹಾರಿಸುತ್ತಾರೆ. ಹೆಚ್ಚಿನವರು ಶಾಲೆಯ ಹುಡುಗಿಯರು. ಊರಿನ ಸಂಘದಲ್ಲಿ ಗಂಡಸರೆಂದರೆ ಇಬ್ಬರೇ, ನನ್ನ ತಮ್ಮ ಮತ್ತು ಅವನ ಹಳೆಯ ಗೆಳೆಯ ರೂನೆ. ಇಬ್ಬರೂ ಸಾಮಿಲ್ಲಿನಲ್ಲಿ ಒಟ್ಟಿಗೆ ದುಡಿದವರು. ರೂನೆ ಸುಖವಾಗಿ ನಿವೃತ್ತನಾದ. ಹೆಲ್ಗೆ ದಿಮ್ಮಿಗಳ ರಾಶಿಯ ಮೇಲಿಂದ ಬಿದ್ದು, ಸೊಂಟಕ್ಕೆ ಉಕ್ಕು ಹಾಕಿಸಿಕೊಂಡು ಮನೆ ಸೇರಿದ.

ಬಿದ್ದ ಮೇಲೆ ಅವನು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಗಡ್ಡ ಬೋಳಿಸುವುದನ್ನೂ ಬಿಟ್ಟ. ಬೇಲಿಯಾಚೆಗಿನ ಮನೆ ನನ್ನದು. ದಿನಾ ಸಾರು ತಂದುಕೊಟ್ಟು, ದಿನಾ ಬೈದು, ಕೊನೆಗೆ ಬೇಸತ್ತು ಒಂದು ಕಂದು ಬಣ್ಣದ ಮೊಲದ ಮರಿಯನ್ನು ತಂದು ಅವನ ತೊಡೆಯ ಮೇಲೆ ಹಾಕಿದೆ. "ಇದನ್ನಾದ್ರೂ ನೋಡ್ಕೋ, ನನ್ ಕೈಲಾಗಲ್ಲ" ಎಂದೆ. ಮರಿ ಅವನ ತೊಡೆಯಿಂದ ಜಿಗಿದು, ಸೌದೆಯ ಬುಟ್ಟಿಯನ್ನು ದಾಟಿ, ಅಡುಗೆಮನೆಯ ಅಡ್ಡಹಲಗೆಯನ್ನೂ ದಾಟಿ ಒಳಗೆ ಹೋಗಿ ನಿಂತಿತು. ಹೆಲ್ಗೆ ಎದ್ದು ಅದರ ಹಿಂದೆ ಹೋದ. ಎಷ್ಟೋ ತಿಂಗಳ ನಂತರ ಅವನು ತಾನಾಗಿ ಎದ್ದದ್ದು ಅದೇ ಮೊದಲು. ಮರಿಗೆ ಬಾರೋನ್ ಎಂದು ಹೆಸರಿಟ್ಟ.

ಬಾರೋನ್ ಬೆಳೆದ. ಬೆಳೆದ ಗಂಡು ಮೊಲ ಏನೇನು ಮಾಡುತ್ತದೋ ಎಲ್ಲವನ್ನೂ ಮಾಡಿದ. ನಿಂತವರ ಕಾಲಿನ ಸುತ್ತ ಗುರುಗುಟ್ಟುತ್ತಾ ಸುತ್ತು ಹಾಕಿದ. ಮನೆಯ ಮೂಲೆಮೂಲೆಗೆ ಉಚ್ಚೆ ಹೊಯ್ದು ಇದೆಲ್ಲ ತನ್ನದು ಎಂದು ಸಾರಿದ. ಹೆಲ್ಗೆಯ ಎಡಗೈಗೆ ಕಚ್ಚಿ ಗುರುತು ಉಳಿಸಿದ. ನನ್ನ ರಬ್ಬರ್ ಚಪ್ಪಲಿಯ ಜೊತೆ ಅವನು ನಡೆಸಿದ ಸಂಸಾರವನ್ನು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಪಂದ್ಯದ ಬಯಲಿನಲ್ಲಂತೂ ತೀರ್ಪುಗಾರ್ತಿ ಬೊಡಿಲ್‌ಳ ಹೊಸ ಬೂಟಿನ ಮೇಲೆ ಗುರಿಯಿಟ್ಟು ಉಚ್ಚೆ ಸಿಡಿಸಿದ. ಅಂದಿನಿಂದ ಬಾರೋನ್ ಇರುವ ಪಂದ್ಯಕ್ಕೆ ಬೊಡಿಲ್ ಎಂಥ ಉರಿಬಿಸಿಲಿನಲ್ಲೂ ಮೊಣಕಾಲುದ್ದದ ಮಳೆಬೂಟು ಹಾಕಿಕೊಂಡೇ ಬರುತ್ತಿದ್ದಳು.

ಆದರೆ ಹಾರುತ್ತಿದ್ದ. ಅಯ್ಯೋ, ಎಂಥ ಹಾರಾಟ! ಹಗ್ಗ ಹಿಡಿದ ಹೆಲ್ಗೆ ಹಿಂದಕ್ಕೆ ವಾಲಿ, ಹೋರಿಯನ್ನು ತಡೆಯುವವನ ಹಾಗೆ ಹಿಮ್ಮಡಿ ಊರಿ, ಎಳೆಸಿಕೊಂಡು ಹೋಗುತ್ತಿದ್ದ. ಮೇಲ್ದರ್ಜೆಯ ಪಂದ್ಯದಲ್ಲಿ ಮೂರು ಸಲ ಮೊದಲು ಬಂದ ಮೊಲಕ್ಕೆ ಚಾಂಪಿಯನ್ ಎಂಬ ಬಿರುದು. ಬಾರೋನ್ ಎರಡು ಸಲ ಬಂದ. ಸ್ಥಳೀಯ ಪತ್ರಿಕೆಯಲ್ಲಿ ಹೆಲ್ಗೆಯ ಚಿತ್ರ ಬಂತು, ನೀಟಾಗಿ ಗಡ್ಡ ಬೋಳಿಸಿಕೊಂಡಿದ್ದ. ಅಂಗಡಿಯಲ್ಲಿ ಜನ ಅವನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ಸಂಘದ ಹುಡುಗಿಯರು ಹೆಲ್ಗೆ ಮಾಮ, ಹೆಲ್ಗೆ ಮಾಮ ಎಂದು ಅವನ ಹಿಂದೆ ಬೀಳುತ್ತಿದ್ದರು. ಒಂದು ಮೊಲದಿಂದ ನನ್ನ ತಮ್ಮ ಮತ್ತೆ ಮನುಷ್ಯರ ನಡುವೆ ಬಂದ. ನನಗೆ ಹೆಮ್ಮೆಯಾಗುತ್ತಿತ್ತು, ಮುಚ್ಚುಮರೆ ಯಾಕೆ.

ರೂನೆಗೆ ಮಾತ್ರ ಹೊಟ್ಟೆಕಿಚ್ಚು. ಅವನ ಬಳಿ ಎಬ್ಬಾ ಎಂಬ ಬೆಳ್ಳನೆಯ ಹೆಣ್ಣು ಮೊಲ ಇತ್ತು, ಅದೂ ಒಳ್ಳೆಯ ಹಾರುಗಾತಿ. ಸರದಿಗೆ ಚೀಟಿ ಎತ್ತಿದಾಗ, ಗೆದ್ದ ಎರಡು ಸಲವೂ ಎಬ್ಬಾಳ ಬೆನ್ನಿಗೇ ಬಾರೋನ್‌ನ ಸರದಿ ಬಂದಿತ್ತು. ರೂನೆ ಅದನ್ನೇ ಹಿಡಿದುಕೊಂಡ.

"ಏನಪ್ಪಾ ಹೆಲ್ಗೆ, ನಿನ್ ಬಾರೋನ್ ಬೇಲಿ ಹಾರೋದು ಅಂದ್ಕೊಂಡಿದೀಯಾ? ನನ್ ಎಬ್ಬಾ ಹೋದ ದಾರೀಲಿ ವಾಸನೆ ಹಿಡ್ಕೊಂಡು ಓಡೋದು ಅದು. ನಡುವೆ ಬೇಲಿ ಬಂತು, ಹಾರಿದ. ಎರಡು ಗೆಲುವೂ ನನ್ ಹುಡುಗಿ ಕೊಡಿಸಿದ್ದು, ನೆನಪಿರಲಿ."

"ನಿನ್ ಹುಡುಗಿ ದಾರಿ ತೋರಿಸೋದಾದ್ರೆ ಅವಳೇ ಯಾಕೆ ಗೆಲ್ಲಲಿಲ್ವೋ?" ಎಂದು ನಾನು ಬಾಯಿ ಹಾಕುತ್ತಿದ್ದೆ. ರೂನೆ ನಗುತ್ತಿದ್ದ. ಹೆಲ್ಗೆ ನಗುತ್ತಿರಲಿಲ್ಲ. ಆ ಮಾತು ಅವನೊಳಗೆ ಇಳಿದಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು.

ಹೆಲ್ಗೆಯ ಹತ್ತಿರ ಇನ್ನೊಂದು ಮೊಲ ಇತ್ತು, ತುವಾ. ಯಾರೋ ಬೇಡವೆಂದು ಬಿಟ್ಟುಹೋದ ಬೂದು ಬಣ್ಣದ ಮುದುಕಿ. ಅವಳು ಹಾರುವವಳಲ್ಲ, ಸುಮ್ಮನೆ ಒಂದೆಡೆ ಕೂತು ಹುಲ್ಲು ತಿನ್ನುವವಳು. ಅವಳಿಗೂ ಬಾರೋನ್‌ಗೂ ನಡುವೆ ಹೆಲ್ಗೆ ತಂತಿಯ ಬೇಲಿ ಕಟ್ಟಿದ. ಹಾರುವುದನ್ನೇ ಕಲಿಸಿದ ಮೊಲಕ್ಕೆ ಬೇಲಿ ಕಟ್ಟಿದ ಬುದ್ಧಿವಂತ! ಬಾರೋನ್ ಹಾರಿದ. ತುವಾ ಮರಿ ಹಾಕುವಾಗ ಸತ್ತು ಬದುಕಿದಳು. ಹೆಲ್ಗೆ ಅವಳನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡೇ ಕೂತಿದ್ದ. ನಾನು ಮರಿಗಳಿಗೆ ಹನಿಹನಿಯಾಗಿ ಹಾಲು ಕುಡಿಸಿದೆ. ಮರಿಗಳು ದೊಡ್ಡವಾದ ಮೇಲೆ ಸಂಘದ ಹುಡುಗಿಯರು ಹಂಚಿಕೊಂಡರು.

ಪಶುವೈದ್ಯೆ ಖಡಾಖಂಡಿತವಾಗಿ ಹೇಳಿದಳು. "ಇನ್ನೊಂದು ಸಲ ಬಸುರಾದ್ರೆ ಇವಳು ಉಳಿಯಲ್ಲ. ಇವಳಿಗೆ ಆಪರೇಷನ್ ಮಾಡೋ ಹಾಗಿಲ್ಲ, ಹೃದಯ ಸರಿ ಇಲ್ಲ. ಗಂಡಿಗೆ ಬೀಜ ತೆಗೀಬಹುದು. ಅವನಿಗೂ ಅದೇ ಒಳ್ಳೇದು. ಈಗ ನೋಡಿ, ಒಂಟಿಯಾಗಿ ಬೋನಿನಲ್ಲಿ ಸುತ್ತಿ ಸುತ್ತಿ ಮೈ ಕೂದಲನ್ನೇ ಕಿತ್ಕೊಳ್ತಿದಾನೆ."

ಮನೆಗೆ ಹೋಗುವಾಗ ಕಾರಿನಲ್ಲಿ ನಾನೇ ಕೆಣಕಿದೆ. "ಯಾಕೋ, ನಿನ್ನನ್ನೇ ಆಪರೇಷನ್‌ಗೆ ಕರ್ಕೊಂಡ್ ಹೋಗೋ ಹಾಗೆ ಕಾಲಿನ ಮೇಲೆ ಕಾಲು ಹಾಕ್ಕೊಂಡ್ ಕೂತಿದೀಯಲ್ಲ?"

"ಅದಲ್ಲ ಅಕ್ಕ." ಅವನು ಕಿಟಕಿಯಾಚೆ ನೋಡುತ್ತಿದ್ದ. "ರೂನೆ ಹೇಳೋದು ನಿಜ ಆಗಿಬಿಟ್ರೆ? ಹೆಣ್ಣಿನ ಆಸೆಗೇ ಅವನು ಹಾರ್ತಿದ್ರೆ? ಆಸೆ ತೆಗೆದ ಮೇಲೆ ಯಾಕೆ ಹಾರ್ತಾನೆ? ಇನ್ನೊಂದೇ ಗೆಲುವು ಬಾಕಿ ಇದೆ."

"ಹಾರದಿದ್ರೆ ಏನಾಯ್ತು?"

"ಅವನು ಹಾರದಿದ್ರೆ ನಾನು ಮತ್ತೆ ಆ ಕುರ್ಚಿಗೆ ಹೋಗ್ತೀನಿ. ನನ್ನನ್ನ ನನಗೆ ಗೊತ್ತಿಲ್ವಾ?"

ನಾನು ಕಾರು ಓಡಿಸಿದೆ.

ಸುದ್ದಿ ಕೇಳಿ ರೂನೆ ಆ ಸಂಜೆಯೇ ಓಡಿಬಂದ. ಬಾಗಿಲಲ್ಲಿ ನಿಂತೇ ಶುರುಮಾಡಿದ. "ತಲೆ ಕೆಟ್ಟಿದ್ಯೇನೋ ನಿನಗೆ? ಚಾಂಪಿಯನ್ ಆಗೋ ಗಂಡಿಗೆ ಬೀಜ ತೆಗೆಸ್ತಾರಾ? ಅದಕ್ಕಿಂತ ಒಂದು ಲಂಗ ಹೊಲಿಸಿಬಿಡು! ನನಗೆ ಕೊಡು ಅವನನ್ನ. ನನ್ ಹತ್ರ ಗಂಡಾಗೇ ಇರ್ತಾನೆ, ನಿನ್ ಹೆಸರಲ್ಲೇ ಹಾರಿಸ್ತೀನಿ, ಬಿರುದು ನಿಂದೇ. ಆ ಮುದುಕೀನ ಇಲ್ಲಿಟ್ಕೋ. ಮುಗೀತು."

ಹೇಳಿದ್ದರಲ್ಲಿ ಅರ್ಥ ಇತ್ತು. ಹೆಲ್ಗೆ ಒಪ್ಪಿಬಿಡುತ್ತಾನೆ ಎಂದೇ ನಾನೂ ಅಂದುಕೊಂಡೆ. ಅವನು ಬೋನಿನ ಕಡೆ ನೋಡಿದ. ಬಾರೋನ್ ತಂತಿಗೆ ಮೂಗು ಒತ್ತಿ ಈಚೆಗಿದ್ದ, ತುವಾ ಅದೇ ತಂತಿಗೆ ಬೆನ್ನು ಒರಗಿಸಿ ಆಚೆಗಿದ್ದಳು.

"ಬಿರುದು ತಂದು ಗೋಡೆಗೆ ಹಾಕ್ಬಹುದು ರೂನೆ," ಎಂದ ಹೆಲ್ಗೆ. "ಇವನು ಈ ತಂತಿ ದಾಟಿ ಒಂದು ಸಲ ನೆಮ್ಮದಿಯಾಗಿ ಮಲಗ್ಲಿ. ಅದು ಮೊದಲು."

ರೂನೆ ತಲೆ ಚಚ್ಚಿಕೊಂಡು ಹೋದ. ನಾನು ನನ್ನ ತಮ್ಮನನ್ನು ಹೊಸದಾಗಿ ನೋಡಿದೆ. ಕೈಗೆ ಬಂದ ಗೆಲುವನ್ನು ಒಂದು ಮುದುಕಿ ಮೊಲಕ್ಕಾಗಿ ಪಣಕ್ಕಿಡುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿದ್ದಾನೆ ಎಂದು ನನ್ನ ಎದೆ ಉಬ್ಬಿತು. ಹೇಳಲಿಲ್ಲ. ಹೇಳಿದರೆ ತಲೆಗೇರಿಬಿಡುತ್ತದೆ. "ಬಾಗಿಲು ಹಾಕೋ, ಚಳಿ ಬರ್ತಿದೆ" ಎಂದೆ ಅಷ್ಟೆ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮೊಲವನ್ನು ಹಸಿದ ಹೊಟ್ಟೆಯಲ್ಲಿ ಇರಿಸಬಾರದು. ಎಚ್ಚರವಾದ ಕೂಡಲೇ ತಿನ್ನದಿದ್ದರೆ ಹೊಟ್ಟೆ ಕಟ್ಟಿಕೊಂಡು ಜೀವಕ್ಕೇ ಕುತ್ತು. ಹೆಲ್ಗೆ ಮನೆಯಿಂದಲೇ ಒಣಹುಲ್ಲು, ಎಳೆಯ ಸೊಪ್ಪು ತಂದಿದ್ದ. ಅಮಲಿನಲ್ಲಿ ತೂಗುತ್ತಿದ್ದ ಬಾರೋನ್‌ನ ಮೂಗಿನ ಬಳಿ ಒಂದೊಂದೇ ಎಲೆ ಹಿಡಿದು ಕೂತ. ಮೊದಲ ಎಲೆ ಕಚ್ಚಿದಾಗ ಹೆಲ್ಗೆ ಮುಖ ಆ ಕಡೆ ತಿರುಗಿಸಿ ಸೀನುವ ಹಾಗೆ ನಟಿಸಿದ. ನಾನೂ ನಂಬಿದ ಹಾಗೆ ನಟಿಸಿದೆ.

ಬೀಜ ತೆಗೆದ ಮರುದಿನವೇ ಗಂಡು ಸಾಧುವಾಗುತ್ತದೆ ಎಂದು ತಿಳಿದವರು ತಪ್ಪು ತಿಳಿದಿದ್ದಾರೆ. ಹಳೆಯ ಬಿಸಿ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅಷ್ಟು ದಿನ ಹೆಣ್ಣಿನ ಬಳಿ ಬಿಟ್ಟರೆ ಮತ್ತೆ ಬಸುರಾದರೂ ಆದೀತು ಎಂದು ವೈದ್ಯೆ ಎಚ್ಚರಿಸಿದ್ದಳು. ಹೆಲ್ಗೆ ಬೇಲಿಯನ್ನು ಎದೆಯೆತ್ತರಕ್ಕೆ ಏರಿಸಿದ. ಬಾರೋನ್ ಇನ್ನೂ ನನ್ನ ಚಪ್ಪಲಿಯ ಕಡೆ ಬರುತ್ತಿದ್ದ. ಆಮೇಲೆ ನಿಧಾನವಾಗಿ ಒಂದೊಂದೇ ಬಿಟ್ಟ. ಮೂಲೆಗಳ ವಾಸನೆ ಹೋಯಿತು. ಉಚ್ಚೆಗೆ ಒಂದೇ ತಟ್ಟೆ ಹಿಡಿದ. ಕೈ ಹಾಕಿದರೆ ಕಚ್ಚುವ ಬದಲು ತಲೆ ತಗ್ಗಿಸಿ ಸವರು ಎಂದು ಕಾಯತೊಡಗಿದ. ಕೂದಲು ಕಿತ್ತ ಜಾಗದಲ್ಲಿ ಹೊಸ ಕೂದಲು ಬಂತು. ಅವಧಿ ಮುಗಿದ ಮೇಲೆ ಹೆಲ್ಗೆ ಬೇಲಿ ತೆಗೆದಾಗ ಇಬ್ಬರೂ ಮೊದಲು ಒಬ್ಬರನ್ನೊಬ್ಬರು ಅಟ್ಟಾಡಿಸಿದರು. ನಾವು ಕಂಬಳಿ ಹಿಡಿದು ಸಿದ್ಧರಾಗಿ ನಿಂತಿದ್ದೆವು. ಕೆಲವೇ ದಿನ. ಆಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ತುವಾಳ ಕಿವಿಯನ್ನು ಬಾರೋನ್ ನೆಕ್ಕುತ್ತಿದ್ದಾನೆ, ಅವಳು ಮಹಾರಾಣಿಯ ಹಾಗೆ ಕಣ್ಣು ಮುಚ್ಚಿ ಕೂತಿದ್ದಾಳೆ.

ಮನೆಗೆ ಶಾಂತಿ ಬಂತು. ಆದರೆ ಬಾರೋನ್ ಹಾರಲಿಲ್ಲ.

ಅಂಗಳದಲ್ಲಿ ಬೇಲಿಗಳನ್ನು ಜೋಡಿಸಿ, ಪಟ್ಟಿ ಕಟ್ಟಿ, ಗೆರೆಯ ಹಿಂದೆ ಬಿಟ್ಟರೆ ಎರಡು ಹೆಜ್ಜೆ ಹೋಗುತ್ತಿದ್ದ, ನಿಲ್ಲುತ್ತಿದ್ದ, ತಿರುಗಿ ನೋಡುತ್ತಿದ್ದ. ಆಮೇಲೆ ಕೂತು ಮುಖ ತೊಳೆದುಕೊಳ್ಳುತ್ತಿದ್ದ. ಬೇಲಿ ತಗ್ಗಿಸಿದರೂ ಅದೇ, ಎಬ್ಬಾಳನ್ನು ಮೊದಲು ಓಡಿಸಿ ನೋಡಿದರೂ ಅದೇ. ಅವಳ ವಾಸನೆ ಮೂಸಿ, ಇದ್ಯಾರಪ್ಪಾ ಎಂಬಂತೆ ಸುಮ್ಮನಾದ. ರೂನೆ ಕುಹಕವಾಡಲೂ ಇಲ್ಲ, ಅದೇ ಇನ್ನೂ ಕೆಟ್ಟದ್ದು. "ಹೋಗ್ಲಿ ಬಿಡೋ" ಎಂದು ಹೆಲ್ಗೆಯ ಬೆನ್ನು ತಟ್ಟಿದ. ಮರುದಿನ ನಾನು ಸಾರು ತೆಗೆದುಕೊಂಡು ಹೋದಾಗ ಹೆಲ್ಗೆ ಆ ಕಿಟಕಿಯ ಕುರ್ಚಿಯಲ್ಲಿದ್ದ. ಗಡ್ಡ ಬೋಳಿಸಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಏಳೋ! ಪಟ್ಟಿ ಕಟ್ಟು. ನಾನು ನೋಡ್ತೀನಿ ಅದೇನು ಅಂತ."

"ನೀನೇನು ನೋಡ್ತೀಯಾ ಅಕ್ಕ, ನೀನು ಬಸ್ ಓಡಿಸಿದವಳು."

"ಹೌದು ಕಣೋ, ಬಸ್ಸೇ ಓಡಿಸಿದ್ದು. ಏಳು ಮೊದಲು."

ಅಂಗಳದಲ್ಲಿ ಕಾಫಿಯ ಲೋಟ ಹಿಡಿದು ಪಕ್ಕಕ್ಕೆ ನಿಂತೆ. ಇಷ್ಟು ದಿನ ಎಲ್ಲರೂ ಮೊಲವನ್ನು ನೋಡುತ್ತಿದ್ದೆವು. ಅವತ್ತು ಸಿಟ್ಟು ತಮ್ಮನ ಮೇಲಿದ್ದುದರಿಂದ ನಾನು ತಮ್ಮನನ್ನೇ ನೋಡಿದೆ. ಅವನು ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು, ಎಳೆದು ಹಿಡಿದು ನಿಂತಿದ್ದ. ಹೋರಿ ತಡೆಯುವ ಅದೇ ಹಳೆಯ ನಿಲುವು. ಬಾರೋನ್ ಎರಡು ಹೆಜ್ಜೆ ಹೋದ. ಹಗ್ಗ ಬಿಗಿಯಿತು. ನಿಂತ. ಏನು ಬೇಕು ಎಂದು ಹೆಲ್ಗೆಯ ಕಡೆ ತಿರುಗಿ ನೋಡಿದ.

ನನಗೆ ನಗು ಬಂತೋ ಅಳು ಬಂತೋ ತಿಳಿಯದು. "ಲೋ ಕತ್ತೆ! ಬ್ರೇಕ್ ಮೇಲಿಂದ ಕಾಲು ತೆಗಿಯೋ!"

"ಏನು?"

"ಹಗ್ಗ ನೋಡು ನಿನ್ ಕೈಯಲ್ಲಿ! ಇಷ್ಟು ವರ್ಷ ಅವನು ಎಳೀತಿದ್ದ, ನೀನು ತಡೀತಿದ್ದೆ. ಈಗ ಅವನು ಎಳೆಯೋದು ಬಿಟ್ಟಿದಾನೆ, ನೀನು ತಡೆಯೋದು ಬಿಟ್ಟಿಲ್ಲ. ಮೊದಲು ನಿನ್ ಮಾತು ಕೇಳ್ತಾನೇ ಇರಲಿಲ್ಲ. ಈಗ ಕೇಳ್ತಿದಾನಪ್ಪಾ, ನಿಲ್ಲು ಅಂದ್ರೆ ನಿಲ್ತಿದಾನೆ!"

ಹೆಲ್ಗೆ ತನ್ನ ಕೈ ನೋಡಿಕೊಂಡ. ಸುತ್ತು ಬಿಚ್ಚಿದ. ಹಗ್ಗ ಹುಲ್ಲಿನ ಮೇಲೆ ಜೋತುಬಿತ್ತು. ಬಾರೋನ್ ಸ್ವಲ್ಪ ಹೊತ್ತು ಕಾದ, ಮುಂದೆ ತಿರುಗಿದ, ಮೊದಲ ಬೇಲಿಯನ್ನು ಹಾರಿದ. ಆಮೇಲೆ ನಿಂತು ಹೆಲ್ಗೆ ಬರುವವರೆಗೆ ಕಾದ.

ಕೊನೆಯ ಪಂದ್ಯ ಬೇಸಿಗೆಯ ಕೊನೆಗೆ, ನಮ್ಮ ಊರಿನ ಶಾಲೆಯ ಹಿಂದಿನ ಹುಲ್ಲುಗಾವಲಿನಲ್ಲಿ. ಹುಡುಗಿಯರು ದಾಲ್ಚಿನ್ನಿ ಬನ್ನು ಮಾರುತ್ತಿದ್ದರು. ಬೊಡಿಲ್ ಬಿಸಿಲಿನಲ್ಲಿ ಮಳೆಬೂಟು ಹಾಕಿಕೊಂಡು ಬಂದಳು. ಚೀಟಿ ಎತ್ತಿ ಸರದಿ ಓದಿದಳು. "ಮೊದಲಿಗೆ, ಹೆಲ್ಗೆ ಮತ್ತು ಬಾರೋನ್."

ಮೊದಲ ಸರದಿ ಯಾರಿಗೂ ಬೇಡ. ಆದರೆ ಹೆಲ್ಗೆಯ ಮುಖ ಬಿಳಿಚಿದ್ದು ಅದಕ್ಕಲ್ಲ ಎಂದು ನನಗೆ ಗೊತ್ತಿತ್ತು. ಬೇಲಿಗಳನ್ನು ತೊಳೆದು, ಆಗತಾನೆ ಹೊಸ ಜಾಗದಲ್ಲಿ ನಿಲ್ಲಿಸಿದ್ದರು. ಅಂಗಳದಲ್ಲಾದರೆ ಎಬ್ಬಾ ಓಡಿದ್ದಳು, ಈ ಹುಲ್ಲಿನ ಮೇಲೆ ಯಾವ ಮೊಲವೂ ನಡೆದಿರಲಿಲ್ಲ. ಎಬ್ಬಾಳದ್ದು ಕೊನೆಯ ಸರದಿ. ಇಷ್ಟು ದಿನ ಅವನನ್ನು ಕೊರೆದ ಪ್ರಶ್ನೆಗೆ ಇಡೀ ಊರಿನೆದುರು ಉತ್ತರ ಸಿಗುವುದಿತ್ತು.

"ಅಕ್ಕ," ಎಂದ. "ಹಾರದಿದ್ರೆ?"

"ಹಾರದಿದ್ರೆ ಎತ್ಕೊಂಡ್ ಬಾ. ಬನ್ನು ತಿನ್ನೋಣ. ಹೋಗು."

ಗೆರೆಯ ಹಿಂದೆ ಬಾರೋನ್ ಕೂತ. ಬೊಡಿಲ್ ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಸೀಟಿ ಊದಿದಳು. ಬಾರೋನ್ ಮುಖ ತೊಳೆದುಕೊಂಡ. ಹುಡುಗಿಯರು ಕಿಸಕ್ಕನೆ ನಕ್ಕರು. ಹೆಲ್ಗೆಯ ಕೈ ಹಗ್ಗದ ಮೇಲೆ ಬಿಗಿಯುವುದು ನನಗೆ ನಿಂತಲ್ಲಿಂದಲೇ ಕಂಡಿತು. ಬ್ರೇಕ್, ಬ್ರೇಕ್ ಎಂದು ನಾನು ಹಲ್ಲು ಕಚ್ಚಿದೆ. ಆಗ ಅವನು ಕೈ ಬಿಚ್ಚಿದ, ಮತ್ತು ಬಾರೋನ್ ಹೊರಟ.

ಮೊದಲಿನ ಹುಚ್ಚು ಓಟ ಇರಲಿಲ್ಲ. ಬೇಲಿಯ ಮುಂದೆ ಒಂದು ಕ್ಷಣ ನಿಂತು, ಅಳೆದು, ಹಿಂಗಾಲು ಕೂಡಿಸಿ, ಮೇಲೇಳುತ್ತಿದ್ದ. ಮೊಣಕಾಲೆತ್ತರದ ಬೇಲಿಗಳು. ಮೇಲಿನ ಅಡ್ಡಪಟ್ಟಿಗೂ ಅವನ ಹೊಟ್ಟೆಗೂ ನಡುವೆ ಬೆಳಕು ಕಾಣುತ್ತಿತ್ತು. ನಡುವೆ ಹೆಲ್ಗೆಯ ಸೊಂಟ ಹಿಡಿದುಕೊಂಡಿತು, ಅವನು ತೊಡೆ ಒತ್ತಿ ನಿಂತುಬಿಟ್ಟ. ಬಾರೋನ್ ಮುಂದಿನ ಬೇಲಿಯ ಮುಂದೆ ನಿಂತು ತಿರುಗಿ ನೋಡಿದ. ಗಡಿಯಾರ ಓಡುತ್ತಿತ್ತು. ಸಮಯ ಮೀರಿದರೆ ಎಲ್ಲ ಹೋಯಿತು. "ಬಾ ಹೆಲ್ಗೆ ಮಾಮ, ಬಾ!" ಎಂದು ಹುಡುಗಿಯರು ಕೂಗಿದರು, ನಾನೂ ಕೂಗಿದೆ, ನನ್ನ ಬಾಯಲ್ಲಿ ಬನ್ನು ಇತ್ತು. ಹೆಲ್ಗೆ ಕುಂಟುತ್ತಾ ಬಂದು ಹಿಂದೆ ನಿಂತ. ಬಾರೋನ್ ಹಾರಿದ. ಉಳಿದವನ್ನೂ ಹಾರಿದ. ಒಂದು ಪಟ್ಟಿಯೂ ಬೀಳಲಿಲ್ಲ, ಸಮಯ ಮುಗಿಯಲು ಇನ್ನೂ ಸ್ವಲ್ಪ ಉಳಿದಿತ್ತು.

ಆಮೇಲೆ ಕಾಯುವುದು. ಕೊಟ್ಟ ಸಮಯದೊಳಗೆ ಯಾರು ಕಡಿಮೆ ಪಟ್ಟಿ ಬೀಳಿಸುತ್ತಾರೋ ಅವರೇ ಗೆದ್ದಂತೆ. ಒಂದೊಂದೇ ಮೊಲ ಬಂತು. ಎಲ್ಲವೂ ಬಾರೋನ್‌ಗಿಂತ ಚುರುಕು. ಆದರೆ ಒಂದು ಇಲ್ಲಿ ಪಟ್ಟಿ ಬೀಳಿಸಿತು, ಇನ್ನೊಂದು ಅಲ್ಲಿ. ಕೊನೆಗೆ ಎಬ್ಬಾ. ಎಂಥ ಸೊಗಸಾಗಿ ಬಂದಳು ಎಂದರೆ ನಾನು ಮನಸ್ಸಿನಲ್ಲಿ ರೂನೆಗೆ ಶಾಪ ಹಾಕುವುದನ್ನೂ ಮರೆತೆ. ಕೊನೆಯ ಬೇಲಿಗೆ ಅವಳ ಹಿಂಗಾಲು ತಾಗಿತು. ಪಟ್ಟಿ ಅಲುಗಿತು, ನಿಂತಿತು ಎನ್ನುವಷ್ಟರಲ್ಲಿ ಜಾರಿ ಹುಲ್ಲಿಗೆ ಬಿತ್ತು.

ಹುಡುಗಿಯರು ಹೆಲ್ಗೆಯನ್ನು ಮುತ್ತಿಕೊಂಡರು. ಬೊಡಿಲ್ ಪದಕದ ಪಟ್ಟಿ ತಂದು ಬಾರೋನ್‌ನ ಕೊರಳಿಗೆ ಹಾಕಿದಳು, ಅವನು ಅವಳ ಕೈ ಮೂಸಿ ತಲೆ ತಗ್ಗಿಸಿದ. ಅವಳು ತನ್ನ ಒದ್ದೆಯಾಗದ ಬೂಟು ನೋಡಿಕೊಂಡಳು. "ಇದನ್ನ ಹಾಕ್ಕೊಂಡು ಸುಮ್ಮನೆ ಬೆವತು ಸತ್ತೆನಲ್ಲ!" ಎಂದಳು. ಎಲ್ಲರೂ ನಕ್ಕರು.

ರೂನೆ ಎಬ್ಬಾಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಧಾನವಾಗಿ ಬಂದ. ಏನಾದರೂ ಅಂದರೆ ಹೊಡೆದೇಬಿಡುತ್ತೇನೆ ಎಂದು ನಾನು ಕೈಯಲ್ಲಿದ್ದ ಕಾಫಿಯನ್ನು ಬದಿಗಿಟ್ಟೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ಇವತ್ತು ಅವನ ಮುಂದೆ ಯಾರೂ ಇರಲಿಲ್ಲ ಕಣೋ ಹೆಲ್ಗೆ," ಎಂದ.

ಹೆಲ್ಗೆ ಬಾರೋನ್‌ನನ್ನು ಎತ್ತಿ, ಅವನ ಎದೆಪಟ್ಟಿಯಿಂದ ಹಗ್ಗ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಹೌದು," ಎಂದ. "ಹಿಂದೆ ನಾನಿದ್ದೆ."